ಕೋಡ್ ಬಾರದವರನ್ನೇ ಮೇಂಟೇನರ್ ಮಾಡಿಕೊಂಡೆ: ನನ್ನ ಅನುಭವ

ಹಳೆ ಫಾಂಟಿನ ಕನ್ನಡವನ್ನು ಯೂನಿಕೋಡಿಗೆ ತರುವ ನಮ್ಮ ಪರಿವರ್ತಕ ತಂತ್ರಾಂಶಕ್ಕೆ ಈಗ ಅದನ್ನು ನೋಡಿಕೊಳ್ಳುವ ನಾಲ್ಕು ಜನ ಮೇಂಟೇನರ್‌ಗಳಿದ್ದೇವೆ. ನಾನು ಸಾಗರದ ಹತ್ತಿರದ ಹಳ್ಳಿಯಲ್ಲಿದ್ದೇನೆ. ಒಬ್ಬರು ಸಾಗರ ಪೇಟೆಯವರು, ಒಬ್ಬರು ತೀರ್ಥಹಳ್ಳಿಯವರು, ಇನ್ನೊಬ್ಬ ಹುಡುಗ ಶಿವಮೊಗ್ಗದ ವಿನೋಬನಗರದವನು. ಇವರಲ್ಲಿ ಇಬ್ಬರು ಇವತ್ತಿಗೂ ಪೈಥಾನ್‌ನಲ್ಲಿ ಒಂದು ಸಾಲು ಕೋಡ್ ಬರೆದವರಲ್ಲ. ಅವರಿಗೆ ಕಮಿಟ್ ಹಕ್ಕು, ಅಂದರೆ ಪ್ರಾಜೆಕ್ಟಿನಲ್ಲಿ ಬದಲಾವಣೆ ಸೇರಿಸುವ ಅಧಿಕಾರ ಕೊಡ್ತೀನಿ ಅಂದಾಗ ಬೆಂಗಳೂರಿನ ಸ್ನೇಹಿತರು ಒಪ್ಪಲಿಲ್ಲ. "ಅವರು ಬಳಸೋರು ಮಾರಾಯ, ಮೇಂಟೇನರ್ ಹೇಗಾಗ್ತಾರೆ?" ಅಂದರು. ಎರಡು ವರ್ಷ ದಾಟಿತು. ಕೆಲಸ ನಿಂತಿಲ್ಲ, ಮೊದಲಿಗಿಂತ ಚೆನ್ನಾಗಿಯೇ ನಡೆದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಪರಿವರ್ತಕ ಅಂದರೆ ನಿಮಗೆ ಗೊತ್ತಿರುವುದೇ. ನುಡಿ, ಬರಹ ತಂತ್ರಾಂಶಗಳ, ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ಆಕಾರ ಕೂರಿಸಿದ ಹಳೆ ಆಸ್ಕಿ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದನ್ನು ಎಲ್ಲ ಕಂಪ್ಯೂಟರ್, ಮೊಬೈಲಿನಲ್ಲೂ ಓದಬಲ್ಲ ಯೂನಿಕೋಡ್‌ಗೆ ತರುವುದು. ಇಂಥವು ಬೇರೆಯೂ ಇವೆ. ನಮ್ಮ ಕಡೆಯ ಪ್ರೆಸ್‌ಗಳಲ್ಲಿ ರಾಶಿ ಬಿದ್ದಿರುವ, ಪುಟ ವಿನ್ಯಾಸಕ್ಕೆ ಬಳಸುತ್ತಿದ್ದ ಪೇಜ್‌ಮೇಕರ್ ಫೈಲ್‌ಗಳಿಗೆ ಸರಿಹೋಗಲಿ ಅಂತ ನಾನು ನನ್ನದನ್ನು ಶುರು ಮಾಡಿದೆ. ಐದಾರು ವರ್ಷ ಒಬ್ಬನೇ ನೋಡಿಕೊಂಡೆ. ಕೋಡ್ ಸರಿ ಇದೆಯಾ ಅಂತ ತಾನಾಗಿ ಪರೀಕ್ಷಿಸುವ ಟೆಸ್ಟ್ ಅಂತ ಇದ್ದದ್ದು ಹನ್ನೆರಡೋ ಹದಿಮೂರೋ, ಅವೂ ನಾನೇ ಬರೆದವು, ನನಗೆ ಗೊತ್ತಿದ್ದ ಪದಗಳಿಗೆ ಮಾತ್ರ.

ಪೆಟ್ಟು ಬಿದ್ದದ್ದು 2021ರ ಜುಲೈನಲ್ಲಿ. 'ರ‍್ಯಾಂಕ್' ಸರಿ ಬರುತ್ತಿಲ್ಲ ಅಂತ ಯಾರೋ ದೂರು ಹಾಕಿದ್ದರು. ರಾತ್ರಿ ಕೂತು ಸರಿ ಮಾಡಿ, ಹೊಸ ಆವೃತ್ತಿ ಬಿಟ್ಟು ಮಲಗಿದೆ. ಬೆಳಿಗ್ಗೆ ಎದ್ದರೆ ಕರೆಂಟ್ ಇಲ್ಲ. ಲೈನ್ ಮೇಲೆ ಮರ ಬಿದ್ದು ಮೂರು ದಿನ ಕತ್ತಲೆ, ಟವರೂ ಸತ್ತಿತ್ತು. ನಾನು ತೋಟದಲ್ಲಿ ಔಷಧಿ ಹೊಡೆಸುತ್ತಿದ್ದೆ. ಅಷ್ಟರಲ್ಲಿ ಒಂದು ಸಹಕಾರ ಸಂಘದ ವಾರ್ಷಿಕ ವರದಿ ಆ ಆವೃತ್ತಿಯಲ್ಲೇ ಪರಿವರ್ತನೆಯಾಗಿ ಅಚ್ಚಾಗಿಹೋಗಿತ್ತು. ತೀರ್ಥಹಳ್ಳಿ ಹೋಗಿ 'ತೀಥರ್ಹಳ್ಳಿ', ಕರ್ನಾಟಕ ಹೋಗಿ 'ಕನಾರ್ಟಕ', ಮೂರ್ತಿ ಹೋಗಿ 'ಮೂತಿರ್'. ಆರುನೂರು ಪ್ರತಿ. ಫೋನ್ ಹತ್ತಿದ ಕೂಡಲೇ ಬಂದ ಮೊದಲ ಮಾತು, "ಮಾರಾಯ್ರೆ, ನಮ್ಮೂರ ಹೆಸರನ್ನೇ ಹೀಗೆ ಮಾಡಿಟ್ಟಿದೀರಲ್ಲ?" ಮರುಮುದ್ರಣದ ಅರ್ಧ ಖರ್ಚು ನಾನು ಕೊಟ್ಟೆ, ಒಂಬತ್ತು ಸಾವಿರದ ಹತ್ತಿರ.

ತಪ್ಪು ಎಲ್ಲಿತ್ತು ಅಂತ ಈ ಕೆಲಸ ಮಾಡಿದವರಿಗೆ ಹೇಳಬೇಕಿಲ್ಲ. ಆಸ್ಕಿ ಫಾಂಟ್‌ನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಜಾಗದಲ್ಲೇ ಇರುತ್ತದೆ, ಅಂದರೆ ಅಕ್ಷರ ಆದಮೇಲೆ. ಯೂನಿಕೋಡ್‌ನಲ್ಲಿ 'ರ್' ಮೊದಲು ಬರಬೇಕು. ಅದನ್ನು ಹಿಂದಕ್ಕೆ ಎಳೆಯುವ ಸಾಲನ್ನು 'ರ‍್ಯಾಂಕ್' ಗಡಿಬಿಡಿಯಲ್ಲಿ ನಾನೇ ಮುರಿದಿದ್ದೆ. ಒಂದೇ ಒಂದು 'ಮೂರ್ತಿ' ಟೆಸ್ಟ್‌ನಲ್ಲಿ ಇದ್ದಿದ್ದರೂ ಸಿಕ್ಕಿಬೀಳುತ್ತಿತ್ತು.

ಆಮೇಲೆ ಜನರನ್ನು ಹುಡುಕಲು ಹೊರಟೆ. ಪ್ರಾಜೆಕ್ಟಿನ ಪರಿಚಯ ಫೈಲಾದ ರೀಡ್‌ಮಿ ಮೇಲ್ಗಡೆ 'ಮೇಂಟೇನರ್ ಬೇಕಾಗಿದ್ದಾರೆ' ಅಂತ ಹಾಕಿದೆ. ಸುಮಾರು ಹನ್ನೊಂದು ತಿಂಗಳಲ್ಲಿ ಬಂದದ್ದು ಎರಡು ಮೇಲ್. ಒಬ್ಬರು ಸಂಬಳ ಎಷ್ಟು ಅಂತ ಕೇಳಿದ್ದರು. ಕೇಳಿದ್ದು ತಪ್ಪಲ್ಲ, ನನ್ನ ಹತ್ತಿರ ಕೊಡಲು ಇರಲಿಲ್ಲ. 2022ರಲ್ಲಿ ಶಿವಮೊಗ್ಗದಲ್ಲಿ ಒಂದು ದಿನದ ಕಾರ್ಯಾಗಾರ ಮಾಡಿದೆ. ಹಾಲ್ ಬಾಡಿಗೆ, ಊಟ, ಟೀ ಎಲ್ಲ ಸೇರಿ ಹನ್ನೊಂದು ಸಾವಿರ ಆಯ್ತು. ಬಂದವರು ನಲವತ್ತಕ್ಕೆ ಒಂದೆರಡು ಕಡಿಮೆ. ಆ ಅಕ್ಟೋಬರ್‌ನಲ್ಲಿ ಇಪ್ಪತ್ತು ಪುಲ್ ರಿಕ್ವೆಸ್ಟ್, ಅಂದರೆ ನನ್ನ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆಗಳು ಬಂದವು, ಹೆಚ್ಚಿನವು ರೀಡ್‌ಮಿಯಲ್ಲಿ ಒಂದು ಪದ ಬದಲಿಸಿದವು. ಡಿಸೆಂಬರ್‌ಗೆ ಒಬ್ಬರೂ ಉಳಿಯಲಿಲ್ಲ. ಅವರಲ್ಲಿ ಒಬ್ಬ ಹುಡುಗ ಮುಂದೆ ತಾನಾಗಿ ವಾಪಸ್ ಬಂದ, ಅದು ಆಮೇಲಿನ ಮಾತು.

ದುಡ್ಡಿನ ದಾರಿಯನ್ನೂ ನೋಡಿದೆ. ತಪ್ಪಾಗಿ ಪರಿವರ್ತನೆಯಾದ ಪದ ಕಳಿಸಿದರೆ ಒಂದಕ್ಕೆ ಐದು ರೂಪಾಯಿ ಅಂದೆ. ಎರಡೇ ವಾರದಲ್ಲಿ ಮೂರು ಸಾವಿರದ ಚಿಲ್ಲರೆ ಹೋಯಿತು. ಕರ್ನಾಟಕ, ಕರ್ನಾಟಕದ, ಕರ್ನಾಟಕಕ್ಕೆ, ಕರ್ನಾಟಕದಲ್ಲಿ, ಕರ್ನಾಟಕದಿಂದ. ಒಂದೇ ತಪ್ಪಿಗೆ ಏಳು ವಿಭಕ್ತಿಯ ದುಡ್ಡು. ಆ ವ್ಯವಹಾರ ನಿಲ್ಲಿಸಿದೆ. ಆದರೆ ಅದೇ ವಾರಗಳಲ್ಲಿ ಸಾಗರದ ಪ್ರೆಸ್ಸಿನಲ್ಲಿ ಡಿಟಿಪಿ ಮಾಡುವ ಅಕ್ಕ ಒಬ್ಬರು ಮೂವತ್ತು ಪದ ಕಳಿಸಿದ್ದರು. ಒಂದೂ ಇನ್ನೊಂದರಂತೆ ಇರಲಿಲ್ಲ. ದುಡ್ಡನ್ನೂ ಕೇಳಲಿಲ್ಲ. ನಾನೇ ಫೋನ್ ಮಾಡಿದೆ.

"ತಮ್ಮಾ, ನೀನು 'ವಸ್ತು' ಒಂದೇ ಥರ ಬರುತ್ತೆ ಅಂದ್ಕೊಂಡಿದೀಯ," ಅಂದರು. "ನುಡಿಯಲ್ಲಿ ಕೊಂಬು ಮೊದಲು, ತ ಒತ್ತು ಆಮೇಲೆ. ಆದ್ರೆ ಕೈಯಲ್ಲಿ ತಿದ್ದಿದ ಫೈಲಲ್ಲಿ ಉಲ್ಟಾ ಇರುತ್ತೆ. ಪೇಪರ್ ಮೇಲೆ ನಿಂಗೆ ಗೊತ್ತೇ ಆಗಲ್ಲ." ಇಪ್ಪತ್ತು ವರ್ಷ ಅವರ ಬೆರಳು ಕಂಡ ವಿಷಯ ನನ್ನ ಕೋಡಿನಲ್ಲಿ ಇರಲೇ ಇಲ್ಲ. ನನಗೆ ಬೇಕಾದ ಮೇಂಟೇನರ್ ಇವರೇ ಅಂತ ಅವತ್ತೇ ಅನ್ನಿಸಿತು.

ಹಾಗಾಗಿ ಟೆಸ್ಟ್‌ಗಳನ್ನು ಕೋಡಿನಿಂದ ಹೊರಗೆ ತಂದೆ. ಎರಡು ಕಾಲಮ್ಮಿನ ಸಾದಾ ಫೈಲ್, ಎಡಕ್ಕೆ ಹಳೆ ಫಾಂಟಿನ ಅಕ್ಷರ, ಬಲಕ್ಕೆ ಸರಿಯಾದ ಕನ್ನಡ. ಟೆಸ್ಟ್ ಓಡಿಸುವ ಸಾಧನ ಪೈಟೆಸ್ಟ್ ಪ್ರತಿ ಸಾಲನ್ನೂ ಒಂದು ಟೆಸ್ಟ್ ಅಂತ ಓದುತ್ತದೆ. ಅಕ್ಕ ಬ್ರೌಸರಿನಲ್ಲೇ ಸಾಲು ಸೇರಿಸುತ್ತಾರೆ, ಅದು ಪುಲ್ ರಿಕ್ವೆಸ್ಟ್ ಆಗುತ್ತದೆ, ಕೋಡ್ ಇಟ್ಟಿರುವ ತಾಣದಲ್ಲೇ ಟೆಸ್ಟ್ ತಾನಾಗಿ ನಡೆಸುವ ಗಿಟ್‌ಹಬ್ ಆ್ಯಕ್ಷನ್ಸ್ ಓಡುತ್ತದೆ. ಹಸಿರು ಬಂದರೆ ಪದ ಆಗಲೇ ಸರಿ ಇತ್ತು. ಕೆಂಪು ಬಂದರೆ ಕೋಡ್ ತಪ್ಪು. ಕೆಂಪು ಸಾಲು ಇಲ್ಲದೆ ಯಾರೂ ಕೋಡ್ ಮುಟ್ಟುವಂತಿಲ್ಲ, ನಾನೂ ಮುಟ್ಟುವಂತಿಲ್ಲ. ಸಾಲುಗಳ ಫೋಲ್ಡರಿಗೆ ಅಕ್ಕ ಮತ್ತು ತೀರ್ಥಹಳ್ಳಿಯ ಮೇಷ್ಟ್ರು ಒಡೆಯರು. ಮೇಷ್ಟ್ರು ನಿವೃತ್ತರು, ಕರಡು ತಿದ್ದುತ್ತಾರೆ. ಅವರಿಬ್ಬರಲ್ಲಿ ಒಬ್ಬರು ಒಪ್ಪದೆ ಬಲಗಡೆ ಕಾಲಮ್ಮಿನ ಒಂದು ಅಕ್ಷರವೂ ಬದಲಾಗದು. ಇದನ್ನು ಯಾವುದಕ್ಕೆ ಯಾರು ಒಡೆಯರು ಅಂತ ಹೇಳುವ ಕೋಡ್‌ಓನರ್ಸ್ ಫೈಲಿನಲ್ಲಿ ಬರೆದು, ಮುಖ್ಯ ಬ್ರಾಂಚಿಗೆ, ಅಂದರೆ ಕೋಡಿನ ಮುಖ್ಯ ಪ್ರತಿಗೆ ಕಾವಲು ಹಾಕಿದ್ದೇನೆ.

ಮೊದಲ ದಿನವೇ ನಾನೂರು ಸಾಲಿನಲ್ಲಿ ಅರವತ್ತರಷ್ಟು ಕೆಂಪು. ಬಂದದ್ದು 'ಕೋಟೆ', ಬರಬೇಕಾದದ್ದೂ 'ಕೋಟೆ'. ಕಣ್ಣಿಗೆ ಎರಡೂ ಒಂದೇ. ಒಂದು ಇಡೀ ರಾತ್ರಿ ಹೋಯಿತು. ಹಳೆ ಫಾಂಟ್‌ನಲ್ಲಿ ದೀರ್ಘದ ಚಿಹ್ನೆ ಬೇರೆಯೇ ಇರುತ್ತದೆ. ನನ್ನ ಕೋಡ್ 'ೊ' ಒಂದು, ದೀರ್ಘ ಒಂದು ಅಂತ ಎರಡು ತುಂಡು ಕೊಡುತ್ತಿತ್ತು. ಅಕ್ಕ ಟೈಪ್ ಮಾಡಿದ್ದು ಒಂದೇ 'ೋ'. ಎರಡೂ ಕಡೆಗೆ, ಇಂಥ ತುಂಡುಗಳನ್ನು ಒಂದೇ ಅಕ್ಷರವಾಗಿ ಕೂಡಿಸುವ ಯೂನಿಕೋಡಿನ ಎನ್‌ಎಫ್‌ಸಿ ಹಾಕಿದ ಮೇಲೆ ಸರಿಹೋಯಿತು. ಹೋಲಿಸುವ ಜಾಗದಲ್ಲಿ ಮಾತ್ರ ಹಾಕಿ ಸುಮ್ನಾಗಬೇಡಿ, ಹೊರಗೆ ಕೊಡುವ ಪಠ್ಯಕ್ಕೂ ಹಾಕಿ. ಇಲ್ಲದಿದ್ದರೆ ಬಳಸುವವರು ಹುಡುಕಿದ ಪದ ಅವರಿಗೆ ಸಿಗುವುದಿಲ್ಲ.

ಇನ್ನೊಂದು ತೊಂದರೆ ವಿಂಡೋಸ್. ನಾನು ಲಿನಕ್ಸಿನವನು, ಫೈಲ್ ತೆರೆಯುವಾಗ ಕೋಡಿನಲ್ಲಿ ಯೂನಿಕೋಡ್ ಸಂಕೇತ ಪದ್ಧತಿಯಾದ ಯುಟಿಎಫ್-8 ಅಂತ ಬಾಯಿ ಬಿಟ್ಟು ಹೇಳಿರಲಿಲ್ಲ. ವಿಂಡೋಸ್ ಕನ್ನಡ ಅಕ್ಷರಗಳಿಲ್ಲದ ತನ್ನ ಹಳೆ ಕೋಡ್‌ಪೇಜ್ ಹಿಡಿದು ಬಿದ್ದಿತು. ಡಿಟಿಪಿಯವರೆಲ್ಲ ಇರುವುದೇ ವಿಂಡೋಸಿನಲ್ಲಿ, ಅಲ್ವಾ? ಈಗ ಪ್ರತಿ ಬದಲಾವಣೆಯೂ ಎರಡೂ ಕಡೆ ಓಡುತ್ತದೆ.

ಟೆಸ್ಟ್ ಓಡಿಸಲು ಮೊದಲು ಮನೆಯ ಹಳೆ ಲ್ಯಾಪ್‌ಟಾಪನ್ನೇ ರನ್ನರ್ ಮಾಡಿದ್ದೆ. ಅದಕ್ಕೆ ಅಂತ ಇನ್ವರ್ಟರ್ ಬ್ಯಾಟರಿ ತಂದೆ, ಹದಿನಾಲ್ಕು ಸಾವಿರ. ಒಂದೇ ಸಿಡಿಲಿಗೆ ರೂಟರ್ ಸುಟ್ಟಿತು. ಅದಕ್ಕಿಂತ ಅಪಾಯ ಬೇರೆ ಇತ್ತು. ಪ್ರಾಜೆಕ್ಟ್ ಎಲ್ಲರಿಗೂ ತೆರೆದಿದ್ದರೆ, ಗುರುತಿಲ್ಲದವರು ಕಳಿಸಿದ ಕೋಡ್ ನಿಮ್ಮ ಮನೆಯ ಯಂತ್ರದಲ್ಲಿ ಓಡಬಹುದು. ತೆಗೆದುಹಾಕಿದೆ. ತೆರೆದ ಪ್ರಾಜೆಕ್ಟ್‌ಗಳಿಗೆ ಗಿಟ್‌ಹಬ್‌ನ ಮಾಮೂಲಿ ಯಂತ್ರಗಳು ಪುಕ್ಕಟೆ ಸಿಗುತ್ತವೆ, ನಮಗೆ ಅಷ್ಟು ಸಾಕು. ಬ್ಯಾಟರಿ ಮನೆಯ ದೀಪಕ್ಕಾಯಿತು.

ವಿನೋಬನಗರದ ಹುಡುಗ ವಾಪಸ್ ಬಂದದ್ದು ಈ ಕೆಂಪು ಸಾಲುಗಳನ್ನು ನೋಡಿ. ಏನು ಮಾಡಬೇಕು ಅಂತ ಯಾರನ್ನೂ ಕೇಳಬೇಕಿರಲಿಲ್ಲ, ಸಾಲು ಎದುರಿಗೇ ಇತ್ತು. ಮೊದಲ ತಿಂಗಳಲ್ಲಿ ಹದಿನೈದು ಸಾಲು ಹಸಿರು ಮಾಡಿದ. ಹೊಸಬರಿಗೆ ಯಾವ ಸಾಲು ಮೊದಲು ಕೊಡುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದರಿಂದಲೇ ಯಾರು ಉಳಿಯುತ್ತಾರೆ ಅಂತ ನನಗೆ ಗೊತ್ತಾಗುತ್ತದೆ.

ಕೀಲಿ, ಅಂದರೆ ಹೊಸ ಆವೃತ್ತಿ ಬಿಡುವ ಹಕ್ಕು ಕೊಡುವ ವಿಷಯದಲ್ಲಿ ಮಾತ್ರ ನಾನು ನಿಧಾನ. 2018ರಲ್ಲಿ ಇವೆಂಟ್-ಸ್ಟ್ರೀಮ್ ಅನ್ನುವ ಜಾವಾಸ್ಕ್ರಿಪ್ಟ್ ಲೈಬ್ರರಿ ಹೊಸಬರ ಕೈಗೆ ಹೋಗಿ, ಬಿಟ್‌ಕಾಯಿನ್ ಕದಿಯುವ ಕೋಡ್ ಒಳಗೆ ಬಂದಿತ್ತು. 2024ರ ಎಕ್ಸ್‌ಝಡ್ ಕಥೆಯಲ್ಲಿ, ಫೈಲ್ ಕುಗ್ಗಿಸುವ ಆ ತಂತ್ರಾಂಶಕ್ಕೆ ಕಳ್ಳಬಾಗಿಲು ಇಟ್ಟ ವ್ಯಕ್ತಿ ಎರಡು ವರ್ಷಕ್ಕೂ ಮೇಲೆ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿದ್ದ. ದಣಿದ ಒಬ್ಬಂಟಿ ಮೇಂಟೇನರ್ ಮೇಲೆ ಒತ್ತಡ ಹಾಕಿ ಜಾಗ ಮಾಡಿಕೊಂಡಿದ್ದ. ಅದನ್ನು ಓದಿದಾಗ ನನ್ನ 2021 ನೆನಪಾಗಿ ಮೈ ಜುಂ ಅಂದಿತ್ತು. ಆಗ ಯಾರು ಕೇಳಿದ್ದರೂ ಕೊಟ್ಟುಬಿಡುತ್ತಿದ್ದೆ. ಈಗ ನಮ್ಮಲ್ಲಿ ಬಿಡುಗಡೆಯ ಪಾಸ್‌ವರ್ಡ್ ಯಾರ ಕೈಯಲ್ಲೂ ಇಲ್ಲ. ಪೈಥಾನ್ ಪ್ಯಾಕೇಜುಗಳ ಭಂಡಾರ ಪೈಪಿಐ 2023ರಲ್ಲಿ ತಂದ, ಪಾಸ್‌ವರ್ಡ್ ಬೇಡದ ಟ್ರಸ್ಟೆಡ್ ಪಬ್ಲಿಷಿಂಗ್‌ನಿಂದಲೇ ಬಿಡುಗಡೆ ಹೋಗುತ್ತದೆ. ಅದಕ್ಕೂ ಮೊದಲು ಇನ್ನೊಬ್ಬರು ಒಪ್ಪಿಗೆ ಒತ್ತಬೇಕು. ನಾಲ್ಕೂ ಜನ ಒಬ್ಬರ ಮನೆಯಲ್ಲಿ ಒಬ್ಬರು ಊಟ ಮಾಡಿದವರು, ಅದೂ ಲೆಕ್ಕಕ್ಕೆ ಬರುತ್ತದೆ.

ನಡುವೆ ಒಂದು ಅಡ್ಡ ಪ್ರಯೋಗ. ಹೈಪಾಥಿಸಿಸ್ ಲೈಬ್ರರಿಯಿಂದ ಮನಸ್ಸಿಗೆ ಬಂದ ಹಾಗೆ ಗುಣಿತಾಕ್ಷರ, ಒತ್ತಕ್ಷರ ಹುಟ್ಟಿಸಿ, ಆಸ್ಕಿಗೆ ಒಯ್ದು ವಾಪಸ್ ತಂದು ನೋಡಿದೆ. ಹೆಚ್ಚಿನವು ಬಾಯಲ್ಲಿ ತಿರುಗದ ಅಕ್ಷರ, ಕಸ. ಆದರೆ 'ರ್ರ' ಸಿಕ್ಕಿತು. ರ ಮೇಲೆ ಅರ್ಕಾವತ್ತು ಬರುವುದಿಲ್ಲ ಅಂತ ನಾನೇ ಅದನ್ನು ಬಿಟ್ಟಿದ್ದೆ. 'ಗಿರ್ರನೆ' ಹೋಗಿ 'ಗಿರರ್ನೆ' ಆಗುತ್ತಿತ್ತು. ಮೇಷ್ಟ್ರು ಆ ಸಂಜೆಯೇ ಸರ್ರನೆ, ಬುರ್ರನೆ, ಕರ್ರಗೆ, ಜರ್ರನೆ ಅಂತ ಸಾಲು ಕಟ್ಟಿ ಕಳಿಸಿದರು. ಕೋಡಿನ ಸಾಲುಗಳನ್ನು ಬೇಕೆಂದೇ ಕೆಡಿಸಿ ಟೆಸ್ಟ್ ಹಿಡಿಯುತ್ತದಾ ಅಂತಲೂ ನೋಡಿದೆ. ಮೂರರಲ್ಲಿ ಒಂದು ಹಿಡಿಯಲಿಲ್ಲ. ಕನ್ನಡ ಅಂಕಿಗಳಿಗೆ ಒಂದೂ ಟೆಸ್ಟ್ ಇರಲಿಲ್ಲ ಅಂತ ಆಗ ತಿಳಿಯಿತು. ಇವತ್ತು ಸಾಲುಗಳು ನಾಲ್ಕು ಸಾವಿರದ ಆಸುಪಾಸು, ಓಡಲು ಒಂದು ನಿಮಿಷವೂ ಬೇಡ. ಯಾವ ಹಳೆ ಅಕ್ಷರಕ್ಕೆ ಯಾವ ಹೊಸದು ಅನ್ನುವ ಬದಲಿ ಕೋಷ್ಟಕವನ್ನು ಯಾವ ಕ್ರಮದಲ್ಲಿ ಇಟ್ಟರೆ ಇಷ್ಟು ಬೇಗ ಆಗುತ್ತದೆ ಅಂತ ಕೇಳುವವರು ಕೋಡ್ ತೆರೆದು ನೋಡಬಹುದು.

ಕಳೆದ ಮಳೆಗಾಲದಲ್ಲಿ ಮತ್ತೆ ಲೈನ್ ಹೋಯಿತು, ಈ ಸಲ ನಾಲ್ಕು ದಿನ. ಸಿಗ್ನಲ್ ಬಂದಾಗ ಹೊಸ ಆವೃತ್ತಿ ಆಗಲೇ ಹೊರಗಿತ್ತು. ಅಕ್ಕ ಸಾಲು ಹಾಕಿದ್ದರು, ಹುಡುಗ ಸರಿ ಮಾಡಿದ್ದ, ಮೇಷ್ಟ್ರು ಒಪ್ಪಿಗೆ ಒತ್ತಿದ್ದರು. ಬರಹದ ಹಳೆ ಫಾಂಟ್‌ಗಳ ಸಾಲು ಇನ್ನೂ ಕಡಿಮೆ ಇವೆ. ಆ ಕಾಲದ ಫೈಲ್ ನಿಮ್ಮ ಊರಿನ ಪ್ರೆಸ್ಸಿನಲ್ಲಿ ಇದ್ದರೆ, ಪುಟದ ಒಂದು ಮುದ್ರಿತ ಪ್ರತಿಯ ಜೊತೆ ಕಳಿಸಿ. ಮುದ್ರಿತ ಪ್ರತಿ ಇಲ್ಲದೆ ಅಕ್ಕ ತೆಗೆದುಕೊಳ್ಳುವುದಿಲ್ಲ.