ಟೆಂಡರಿನಲ್ಲಿ ಸೋತವರನ್ನು ಹುಡುಕಿಕೊಂಡು

ಪೊಲೀಸ್ ಇಲಾಖೆಯಲ್ಲಿ ನನ್ನ ಕೊನೆಯ ವರ್ಷಗಳು ಕಳೆದದ್ದು ಭ್ರಷ್ಟಾಚಾರದ ಕೇಸುಗಳಲ್ಲೇ. ಲಂಚದ ಟ್ರ್ಯಾಪ್ ಅಂದರೆ ಒಂದು ದಿನದ ಕೆಲಸ. ಫಿನಾಲ್ಫ್ಥಲೀನ್ ಪುಡಿ ಸವರಿದ ನೋಟು, ಇಬ್ಬರು ಪಂಚರು, ಸೋಡಾ ದ್ರಾವಣದಲ್ಲಿ ಕೈ ಅದ್ದಿಸಿದರೆ ನೀರು ಗುಲಾಬಿ ಬಣ್ಣ. ಮಹಜರು ಮುಗಿಯಿತು, ಮರುದಿನ ಪತ್ರಿಕೆಯಲ್ಲಿ ಸುದ್ದಿ. ಟೆಂಡರ್ ಕೇಸಿನಲ್ಲಿ ಯಾರ ಕೈಯೂ ಗುಲಾಬಿಯಾಗುವುದಿಲ್ಲ. ಕಡತದಲ್ಲಿ ಪ್ರತಿಯೊಂದು ಸಹಿ, ಪ್ರತಿಯೊಂದು ಮೊಹರು ತನ್ನ ಜಾಗದಲ್ಲೇ ಇರುತ್ತದೆ. ಆದರೂ ಜನರ ದುಡ್ಡು ಹೆಚ್ಚು ಹೋಗುವುದು ಇಲ್ಲೇ ಎಂದು ನನಗೆ ಮನವರಿಕೆಯಾಗಿದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೋಲಾರ ಜಿಲ್ಲೆಯ ಒಂದು ಪಟ್ಟಣದ ಕೇಸು. ವಿಚಾರಣೆ ನಡೆಯುತ್ತಿರುವುದರಿಂದ ಊರಿನ ಹೆಸರೂ ಜನರ ಹೆಸರೂ ಬೇಡ. 2019ರ ಬೇಸಗೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಆಗಿನ ಭ್ರಷ್ಟಾಚಾರ ನಿಗ್ರಹ ದಳದ (ಎಸಿಬಿ) ಠಾಣೆಗೆ ಬಂದು ಮೇಜಿನ ಮೇಲೆ ಒಂದು ಕೈಚೀಲ ಇಟ್ಟರು. ಮಾಹಿತಿ ಹಕ್ಕಿನಲ್ಲಿ ತೆಗೆಸಿದ ಪ್ರತಿಗಳು. ಕಾಂಕ್ರೀಟ್ ರಸ್ತೆ, ಚರಂಡಿ, ಕೊಳವೆಬಾವಿ ಮೋಟಾರ್ ರಿಪೇರಿ, ಒಟ್ಟು 11 ಕಾಮಗಾರಿ. "ಇದ್ರಲ್ಲಿ ಒಂಬತ್ತು ಒಬ್ಬನಿಗೇ ಹೋಗಿದೆ ನೋಡಿ ಸಾರ್" ಅಂದರು.

ಗೆದ್ದದ್ದೇ ಅಪರಾಧ ಅನ್ನಲು ಬರುವುದಿಲ್ಲ. ಜೊತೆಗೆ ನಾನು ತಕ್ಷಣ ಕೈಹಾಕುವಂತೆಯೂ ಇರಲಿಲ್ಲ. 2018ರ ಜುಲೈನಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆಗೆ 17ಎ ಕಲಂ ಸೇರಿದ ಮೇಲೆ, ಸರ್ಕಾರಿ ನೌಕರ ಹುದ್ದೆಯಲ್ಲಿದ್ದು ಮಾಡಿದ ಶಿಫಾರಸು, ಕೈಗೊಂಡ ತೀರ್ಮಾನದ ಬಗ್ಗೆ ವಿಚಾರಿಸಲಿಕ್ಕೂ ಮೊದಲು ಮೇಲಿನವರ ಅನುಮತಿ ಬೇಕು. ಅದಕ್ಕೆ ಮೂರು ತಿಂಗಳು, ಕಾರಣ ಬರೆದರೆ ಇನ್ನೊಂದು ತಿಂಗಳು. ನಮಗೆ ನಾಲ್ಕೂ ತಿಂಗಳು ಹಿಡಿಯಿತು. ಅಷ್ಟು ದಿನವೂ ಯಾರನ್ನೂ ಕರೆಯಲಿಲ್ಲ, ಯಾವ ಕಚೇರಿಯ ಮೆಟ್ಟಿಲೂ ಹತ್ತಲಿಲ್ಲ. ಮೇಷ್ಟ್ರ ಕೈಚೀಲದಲ್ಲಿದ್ದುದನ್ನೇ ರಾತ್ರಿ ಊಟವಾದ ಮೇಲೆ ಓದುತ್ತಾ ಕೂತೆ.

ಮೊದಲ ತಿಂಗಳು ಎಲ್ಲರಂತೆ ನಾನೂ ಗೆದ್ದವನ ಕಾಗದಗಳನ್ನೇ ತಿರುವಿ ಹಾಕಿದೆ. ಏನೂ ಸಿಗಲಿಲ್ಲ. ಗೆದ್ದವನು ತನ್ನ ಕಾಗದವನ್ನು ಚೊಕ್ಕವಾಗಿ ಇಟ್ಟುಕೊಂಡಿರುತ್ತಾನೆ, ಬಿಲ್ಲು ಪಾಸಾಗಬೇಕಲ್ಲ. ಸೋತವನ ಕಾಗದದ ಮೇಲೆ ಮಾತ್ರ ಯಾರಿಗೂ ನಿಗಾ ಇರುವುದಿಲ್ಲ. ಒಂದು ರಾತ್ರಿ ಒಂದು ಕಾಮಗಾರಿಯ ಮೂವರು ಬಿಡ್ಡುದಾರರ ದರಪಟ್ಟಿಗಳನ್ನು ಎಕ್ಸೆಲ್‌ನಲ್ಲಿ ಪಕ್ಕಪಕ್ಕ ಕೂರಿಸಿದೆ. ಅಗೆತ, ಜಲ್ಲಿ, ಕಾಂಕ್ರೀಟ್, ಕಬ್ಬಿಣ, ಸ್ಲ್ಯಾಬ್, ಎಲ್ಲ ಐಟಂಗಳಲ್ಲೂ ಎರಡನೆಯವನ ದರ ಮೊದಲಿನವನದಕ್ಕಿಂತ ಸರಿಯಾಗಿ ಶೇ 2 ಜಾಸ್ತಿ, ಮೂರನೆಯವನದು ಶೇ 3. ಪೈಸೆವರೆಗೂ ತಾಳೆ. ನಿಜವಾಗಿ ಪೈಪೋಟಿ ಇದ್ದಾಗ ಹೀಗೆ ಬರುವುದಿಲ್ಲ. ಸ್ವಂತ ಜೆಸಿಬಿ ಇರುವವನು ಅಗೆತಕ್ಕೆ ಕಡಿಮೆ ಬರೆಯುತ್ತಾನೆ, ಕ್ರಷರ್‌ನವನ ಪರಿಚಯ ಇರುವವನು ಜಲ್ಲಿಗೆ ಇಳಿಸುತ್ತಾನೆ. ಒಂದೊಂದು ಐಟಂನಲ್ಲಿ ಒಬ್ಬೊಬ್ಬ ಕೆಳಗಿರುತ್ತಾನೆ. ಈ ಪಟ್ಟಿಗಳು ಒಂದೇ ಪಟ್ಟಿಯ ಮೂರು ಪ್ರತಿ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ನಾಲ್ಕನೆಯವನೂ ಒಬ್ಬನಿದ್ದ. ಅವನ ಆರ್ಥಿಕ ಲಕೋಟೆಯನ್ನು ತೆರೆದೇ ಇರಲಿಲ್ಲ. ಎರಡು ಲಕೋಟೆ ಪದ್ಧತಿಯಲ್ಲಿ ಮೊದಲು ತಾಂತ್ರಿಕ ಅರ್ಹತೆ ನೋಡುತ್ತಾರೆ. ಕೆಲಸದ ಜಾಗ ನೋಡಿ ಬಂದಿದ್ದಕ್ಕೆ ಜೂನಿಯರ್ ಎಂಜಿನಿಯರ್ ಸಹಿ ಮಾಡಿದ ಪತ್ರ ಲಗತ್ತಿಸಿಲ್ಲ ಎಂದು ಅವನನ್ನು ಅಲ್ಲೇ ಕೈಬಿಟ್ಟಿದ್ದರು. ಆಮೇಲೆ ಅವನು ಹೇಳಿದ್ದು: ಏಳು ದಿನ ಕಚೇರಿಗೆ ಅಲೆದಿದ್ದಾನೆ, ಎಂಜಿನಿಯರ್ ಒಂದು ದಿನವೂ ಸಿಕ್ಕಿಲ್ಲ. ಏಳೇ ದಿನ ಯಾಕೆ? ಟೆಂಡರಿಗೆ ಕೊಟ್ಟಿದ್ದೇ ಅಷ್ಟು. ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆಗೆಂದು ಇರುವ ಕೆಟಿಪಿಪಿ ಕಾಯ್ದೆಯ ಆಗಿನ ನಿಯಮದಂತೆ 2 ಕೋಟಿವರೆಗಿನ ಟೆಂಡರಿಗೆ ಕನಿಷ್ಠ 30 ದಿನ ಕೊಡಬೇಕು. ಅದನ್ನು ಕಡಿಮೆ ಮಾಡಬೇಕಾದರೆ ಟೆಂಡರ್ ಕರೆಯುವವರ ಮೇಲಿನ ಅಧಿಕಾರಿ ಕಾರಣ ಬರೆದು ಒಪ್ಪಬೇಕು. ಟಿಪ್ಪಣಿ ಹಾಳೆಯಲ್ಲಿದ್ದ ಕಾರಣ ಒಂದೇ ಪದ, "ತುರ್ತು." ಚರಂಡಿಯ ಮೇಲೆ ಸ್ಲ್ಯಾಬ್ ಹಾಕುವ ಕೆಲಸಕ್ಕೆ ಎಂಥ ತುರ್ತು ಎಂದು ಅಲ್ಲಿ ಯಾರೂ ಕೇಳಿರಲಿಲ್ಲ.

ಅನುಮತಿ ಬಂದು ಎಫ್‌ಐಆರ್ ಆದ ಮೇಲೆ ಮೊದಲು ತರಿಸಿದ್ದು ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ನ ಲಾಗ್, ಅಂದರೆ ಯಾರು ಯಾವಾಗ ಎಲ್ಲಿಂದ ಸಲ್ಲಿಸಿದರು ಎಂಬ ದಾಖಲೆ. ಮೂರು ಬಿಡ್ಡೂ ಕೊನೆಯ ದಿನ, ಒಂದೇ ಐಪಿ ವಿಳಾಸದಿಂದ, ಅಂದರೆ ಒಂದೇ ಇಂಟರ್ನೆಟ್ ಸಂಪರ್ಕದಿಂದ, 14 ನಿಮಿಷದೊಳಗೆ ಸಲ್ಲಿಕೆಯಾಗಿದ್ದವು. ನಮ್ಮ ಹುಡುಗರು ಕೇಸು ಮುಗೀತು ಅಂದರು. ನಾನು ತಡೆದೆ. ತಾಲ್ಲೂಕು ಊರುಗಳಲ್ಲಿ ಸಣ್ಣ ಗುತ್ತಿಗೆದಾರರು ಬಹಳ ಮಂದಿ ಟೆಂಡರ್ ಹಾಕಿಸುವುದು ಯಾವುದಾದರೂ ಕಂಪ್ಯೂಟರ್ ಸೆಂಟರಿನಲ್ಲೇ. ನಾವೆಲ್ಲ ಅಲ್ಲಿಗೇ ಹೋಗ್ತೀವಿ ಸ್ವಾಮಿ ಅಂದುಬಿಟ್ಟರೆ ಐಪಿ ವಿಳಾಸ ಬಿದ್ದುಹೋಗುತ್ತದೆ. ಅಪ್‌ಲೋಡ್ ಎಲ್ಲಿಂದ ಆಯಿತು ಎಂಬುದರ ಜೊತೆಗೆ ದುಡ್ಡು ಎಲ್ಲಿಂದ ಬಂತು ಅಂತ ತೋರಿಸಬೇಕು. ಟೆಂಡರ್ ಹಾಕುವಾಗ ಇಡುವ ಠೇವಣಿ, ಅಂದರೆ ಇ.ಎಂ.ಡಿ. ಮೊತ್ತದ ಜಾಡು ಹಿಡಿದು ಬ್ಯಾಂಕಿಗೆ ಪತ್ರ ಬರೆದೆ. ಮೂವರ ಇ.ಎಂ.ಡಿ.ಯೂ ಗೆದ್ದವನ ಭಾವಮೈದನ ಉಳಿತಾಯ ಖಾತೆಯಿಂದ ಒಂದೇ ಮಧ್ಯಾಹ್ನ ಹೋಗಿತ್ತು. ಸೋತ ಇಬ್ಬರಿಗೆ ಹಿಂದಿರುಗಿದ ಹಣ ಎರಡೇ ದಿನದಲ್ಲಿ ಮತ್ತೆ ಅದೇ ಖಾತೆಗೆ ಬಂದು ಸೇರಿತ್ತು.

ಕಂಪ್ಯೂಟರ್ ಸೆಂಟರ್ ಇದ್ದದ್ದು ಕಚೇರಿಯಿಂದ ಕೂಗಳತೆಯಲ್ಲಿ, ಜೆರಾಕ್ಸ್ ಅಂಗಡಿಯ ಹಿಂದೆ. ಪಂಚರೊಂದಿಗೆ ಹೋಗಿ ಮೇಜಿನ ಡ್ರಾಯರ್ ಎಳೆಸಿದೆ. ಸ್ಟೀಲಿನ ಟಿಫಿನ್ ಡಬ್ಬಿ. ಒಳಗೆ ಐದು ಡಿಜಿಟಲ್ ಸಹಿ ಟೋಕನ್, ಪೆನ್‌ಡ್ರೈವ್‌ನಂಥವು. ನಾಲ್ಕಕ್ಕೆ ಬಿಳಿ ಪ್ಲಾಸ್ಟರ್ ಅಂಟಿಸಿ ಹೆಸರಿನ ಮೊದಲಕ್ಷರ ಬರೆದಿತ್ತು. ಐದನೆಯದಕ್ಕೆ ಪ್ಲಾಸ್ಟರ್ ಇಲ್ಲ, ಅರಿಶಿನದ ದಾರ ಕಟ್ಟಿತ್ತು. ಡಬ್ಬಿಯ ಮುಚ್ಚಳದ ಒಳಗಡೆ ಒಂದು ಚೀಟಿ, ಅದರಲ್ಲಿ ಐವರ ಪಾಸ್‌ವರ್ಡ್. ಒಬ್ಬ ಗುತ್ತಿಗೆದಾರನ ಸಹಿ ಅಂದರೆ ಅವನ ಕೈ. ಐದು ಮಂದಿಯ ಕೈ ಕತ್ತರಿಸಿ ಡಬ್ಬಿಯಲ್ಲಿ ಇಟ್ಟಂತೆ ಕಂಡಿತು ನನಗೆ. ಒಂದೊಂದನ್ನೂ ಬೇರೆ ಬೇರೆ ಬಟ್ಟೆಯಲ್ಲಿ ಹೊಲಿಸಿ, ಅರಗಿನ ಮುದ್ರೆ ಒತ್ತಿ, ಪಂಚರ ಸಹಿ ಹಾಕಿಸಿದೆ.

ಇಲ್ಲಿ ನನ್ನ ಒಂದು ತಪ್ಪನ್ನೂ ಹೇಳಬೇಕು. ಪೋರ್ಟಲ್ ಲಾಗ್ ತರಿಸುವಾಗ, ಎಲೆಕ್ಟ್ರಾನಿಕ್ ದಾಖಲೆಯನ್ನು ದೃಢೀಕರಿಸಲು ಆಗಿನ ಸಾಕ್ಷ್ಯ ಕಾಯ್ದೆಯಲ್ಲಿದ್ದ 65ಬಿ ಪ್ರಮಾಣಪತ್ರ ಕೇಳಿರಲಿಲ್ಲ. 2020ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅರ್ಜುನ್ ಪಂಡಿತ್‌ರಾವ್ ಪ್ರಕರಣದಲ್ಲಿ ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಗೆ ಆ ಪ್ರಮಾಣಪತ್ರ ಕಡ್ಡಾಯ ಎಂದು ಖಚಿತಪಡಿಸಿತು. ಮತ್ತೆ ಬೆಂಗಳೂರಿಗೆ ಅಲೆದು ತಂದೆ. ಮೊದಲ ದಿನವೇ ಕೇಳಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು.

ಕೆಲಸದ ಗುಣಮಟ್ಟ ನೋಡಲು ಅಳತೆ ಪುಸ್ತಕ, ಅಂದರೆ ಎಂಬಿ ಹಿಡಿದೆವು. ಬರಹದಲ್ಲಿ ಒಂದು ತಿದ್ದುಪಡಿಯೂ ಇಲ್ಲ. ಆದರೆ ಪ್ರತಿ ಎಂಬಿಗೂ ಒಂದು ಸಂಖ್ಯೆ ಇರುತ್ತದೆ, ಅದನ್ನು ಯಾರಿಗೆ ಯಾವತ್ತು ಕೊಟ್ಟರು ಎಂಬುದಕ್ಕೆ ಒಂದು ವಹಿ ಇರುತ್ತದೆ. ಆ ವಹಿ ತರಿಸಿದೆ. ಪುಸ್ತಕ ಕೊಟ್ಟದ್ದು ಮಾರ್ಚ್ 19ಕ್ಕೆ. ಅದರೊಳಗಿನ ಮೊದಲ ಅಳತೆಯ ತಾರೀಕು ಜನವರಿ 8. ಇನ್ನೂ ಕೈಗೇ ಬಾರದ ಪುಸ್ತಕದಲ್ಲಿ ಅಳತೆ ಬರೆದಿದ್ದರು.

ಆಮೇಲೆ ಕೋರ್ ಕಟಿಂಗ್. ಬೇರೆ ಇಲಾಖೆಯ ಎಂಜಿನಿಯರುಗಳನ್ನು ಕರೆಸಿ ಆ ಕಾಮಗಾರಿಯ ಕಾಂಕ್ರೀಟ್ ರಸ್ತೆಯಲ್ಲಿ ಆರು ಕಡೆ ಕೊರೆಸಿದೆವು. ಮೆಷಿನ್ ಸದ್ದಿಗೆ ಒಬ್ಬ ಅಜ್ಜಿ ಹೊರಗೆ ಬಂದು, "ಏನಪ್ಪಾ, ಹೋದ್ ವರ್ಸ ಹಾಕಿದ್ ರೋಡು, ಆಗ್ಲೇ ಅಗೀತೀರಾ?" ಅಂದರು. ಪುಸ್ತಕದಲ್ಲಿ 150 ಮಿಲಿಮೀಟರ್ ಇದ್ದ ಕಾಂಕ್ರೀಟ್ 85ರಿಂದ 100ರೊಳಗೇ ಬಂತು. ಐದು ತುಂಡು ಬೆರಳಲ್ಲಿ ಒತ್ತಿದರೆ ಉದುರುತ್ತಿದ್ದವು. ಅಜ್ಜಿಯ ಬಾಗಿಲ ಮುಂದೆ ತೆಗೆದದ್ದು ಮಾತ್ರ, ತೆಳ್ಳಗಿದ್ದರೂ, ಗಟ್ಟಿ. ಎಂಜಿನಿಯರ್ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಅಜ್ಜಿಯೇ ಬಿಡಿಸಿ ಹೇಳಿದರು: "ರಾತ್ರಿ ಲಾರಿ ಬಂತು, ಬೆಳಕು ಹರಿಯೋ ಹೊತ್ಗೆ ಹೊಂಟೋದ್ರು. ನೀರು ಕಟ್ಟೋಕೆ ಯಾರೂ ಬರ್ಲಿಲ್ಲ. ನಾನೇ ದಿನಾ ಎರಡು ಬಿಂದಿಗೆ ಹಾಕ್ದೆ, ನಮ್ ಮನೆ ಮುಂದಾದ್ರೂ ನಿಲ್ಲಲಿ ಅಂತ." ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ ನಮ್ಮದು. ಆ ಬೀದಿಯವರು ಟ್ಯಾಂಕರಿಗೆ ದುಡ್ಡು ಕೊಟ್ಟು ಡ್ರಮ್ಮು ತುಂಬಿಸಿಕೊಳ್ಳುತ್ತಾರೆ. ಆ ನೀರನ್ನು ಅಜ್ಜಿ ಸರ್ಕಾರದ ರಸ್ತೆಗೆ ಹೊಯ್ದಿದ್ದರು. ಅವರ ಹೇಳಿಕೆಯನ್ನು ನಾನೇ ಕೂತು, ಅವರ ಮಾತಿನಲ್ಲೇ ಬರೆದುಕೊಂಡೆ.

ಅರಿಶಿನ ದಾರದ ಟೋಕನ್ ಯಾರದೆಂದು ತಿಳಿಯಲು ವಾರ ಹಿಡಿಯಿತು. ಟೊಮೆಟೊ ಬೆಳೆಯುತ್ತಾ ಜೊತೆಗೆ ಸಣ್ಣಪುಟ್ಟ ಗುತ್ತಿಗೆ ಮಾಡುವವನು. ಮೊದಲೆರಡು ದಿನ ಬಾಯಿ ಬಿಡಲಿಲ್ಲ. ಗದರಿಸಿದ್ದರೆ ಕೊನೆಗೂ ಬಿಡುತ್ತಿರಲಿಲ್ಲ. ದರಪಟ್ಟಿಯ ಹಾಳೆ ಮುಂದಿಟ್ಟು, ಇದರಲ್ಲಿ ನಿಮ್ಮ ಲೆಕ್ಕ ಯಾವುದು ತೋರಿಸಿ ಎಂದೆ. ಬಹಳ ಹೊತ್ತು ನೋಡಿದ. "ನಂದಲ್ಲ ಸಾರ್. ನಾವು ಗೆಲ್ಲಕ್ಕೆ ಹಾಕಲ್ಲ, ಸಪೋರ್ಟ್‌ಗೆ ಹಾಕ್ತೀವಿ" ಅಂದ. ಬೇರೆ ಕಡೆ ಮಾಡಿದ ಕೆಲಸದ ಬಿಲ್ಲು ಸಿಕ್ಕಿಹಾಕಿಕೊಂಡಿತ್ತು. ಟೋಕನ್ ಕೊಟ್ಟರೆ ಬಿಡಿಸಿಕೊಡುತ್ತೇವೆ ಅಂದಿದ್ದರಂತೆ. ನಾಲ್ಕು ವರ್ಷದಲ್ಲಿ ಅವನ ಹೆಸರಿನಲ್ಲಿ ಬಂದ ಬಿಡ್ಡುಗಳಲ್ಲಿ ಒಂದನ್ನೂ ಅವನು ಕಣ್ಣಿಂದ ನೋಡಿರಲಿಲ್ಲ. ಅವನೂ ತಪ್ಪಿತಸ್ಥನೇ. ಆದರೆ ಅವನನ್ನು ಒಳಗೆ ಹಾಕಿ ಕೈತೊಳೆದುಕೊಳ್ಳುವ ತನಿಖೆ ನನಗೆ ಬೇಕಿರಲಿಲ್ಲ. ಅವನು ಮ್ಯಾಜಿಸ್ಟ್ರೇಟರ ಮುಂದೆ, ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 164ನೇ ಕಲಮಿನಡಿ ಹೇಳಿಕೆ ಕೊಟ್ಟ, ಮುಂದೆ ಮಾಫಿ ಸಾಕ್ಷಿಯಾದ.

2022ರ ಆಗಸ್ಟ್ 11ರಂದು ಹೈಕೋರ್ಟ್ ಎಸಿಬಿಯನ್ನು ರದ್ದು ಮಾಡಿತು, ಕೇಸುಗಳೆಲ್ಲ ಲೋಕಾಯುಕ್ತ ಪೊಲೀಸರಿಗೆ ಹೋದವು. ಕಡತ ಒಪ್ಪಿಸುವ ಮೊದಲು ಸೋತ ಒಂದೊಂದು ಬಿಡ್ಡಿಗೂ ಒಂದು ಹಾಳೆ ಮಾಡಿದ್ದೆ: ಯಾರ ಟೋಕನ್, ಯಾವ ಖಾತೆಯ ದುಡ್ಡು, ಎಷ್ಟು ಗಂಟೆಗೆ ಅಪ್‌ಲೋಡ್, ಯಾವ ಸಾಕ್ಷಿ. ನನ್ನ ನಂತರ ಬಂದ ಅಧಿಕಾರಿ ಚಾರ್ಜ್‌ಶೀಟ್ ಹಾಕಿದ್ದು ಆ ಹಾಳೆಗಳನ್ನು ಮುಂದಿಟ್ಟುಕೊಂಡೇ.

ನಿವೃತ್ತನಾದ ಮೇಲೂ ಸಾಕ್ಷಿ ಹೇಳಲು ಕೋಲಾರದ ನ್ಯಾಯಾಲಯಕ್ಕೆ ಹೋಗುತ್ತಿರುತ್ತೇನೆ. ಮಾಫಿ ಸಾಕ್ಷಿಯ ಸರದಿ ಬಂದ ದಿನ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದೆ. ಒಳಗೆ ಬಟ್ಟೆಯ ಹೊಲಿಗೆ ಬಿಚ್ಚಿ ಐದೂ ಟೋಕನ್ ಮೇಜಿನ ಮೇಲೆ ಇಟ್ಟರಂತೆ. ನಿನ್ನದು ಯಾವುದು ಎಂದು ಕೇಳಿದ್ದಕ್ಕೆ ಅವನು ದಾರದ್ದನ್ನು ಎತ್ತಿಕೊಂಡನಂತೆ. ಹೇಗೆ ಗುರುತು ಹಿಡಿದೆ ಎಂದು ಎದುರು ವಕೀಲರು ಕೇಳಿದರಂತೆ. ಟೋಕನ್ ಹೊಸದಾಗಿ ಬಂದ ದಿನ ದೇವರ ಮುಂದಿಟ್ಟು ಹೆಂಡತಿ ಕಟ್ಟಿದ ದಾರ ಅಂದನಂತೆ. ಹೊರಗೆ ಬಂದವನು ನನ್ನ ಪಕ್ಕದಲ್ಲೇ ಕೂತು, "ಅದನ್ನ ವಾಪಸ್ ಕೊಡ್ತಾರಾ ಸಾರ್?" ಅಂತ ಕೇಳಿದ.