ಶುಗರ್, ಬಿಪಿ ಇರುವವರ ಕೂಟ ಕಟ್ಟುವುದು ಹೇಗೆ

ಕೊಡಗಿನ ಸುಂಟಿಕೊಪ್ಪ ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್, ಎಂದರೆ ಹಾಜರಿ, ಲೆಕ್ಕ ಬರೆಯುವವನು, ಆಗಿದ್ದವನು ನಾನು. ಶುಗರ್ ನನಗೂ ಇದೆ. ಕೂಟ ನಡೆಸಲು ಅದೇ ಮೊದಲ ಅರ್ಹತೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೇಟ್ ಲೋರಿಗ್ ಮತ್ತು ಸಂಗಡಿಗರು ರೂಪಿಸಿದ ಕ್ರಮದಲ್ಲಿ ಇಂಥ ಕೂಟವನ್ನು ವಾರಕ್ಕೆ ಎರಡೂವರೆ ಗಂಟೆಯಂತೆ ಆರು ವಾರ, ಇಬ್ಬರು ಸೇರಿ ನಡೆಸುತ್ತಾರೆ. ತೋಟದ ಕೆಲಸ ಬಿಟ್ಟು ಬಂದವರನ್ನು ಅಷ್ಟು ಹೊತ್ತು ಕೂರಿಸಲಾಗದು, ಒಂದೂವರೆ ಗಂಟೆ ಸಾಕು.

ಜುಲೈ ಮಳೆಯಲ್ಲಿ ಯಾರೂ ಬರುವುದಿಲ್ಲ, ಕಾಫಿ ಕುಯ್ಲು ಶುರುವಾದರೆ ಕೇಳಲೇಬೇಡಿ. ಅಕ್ಟೋಬರ್‌ನಲ್ಲಿ ಹಿಡಿದು ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಗೆ ಮುಂಚೆ ಮುಗಿಸಿ. ಸಂತೆ ದಿನ ಬೇಡ. ಜಾಗಕ್ಕೆ ಅಂಗನವಾಡಿ ಕೇಳಿ. ತೋಟದ ಆಫೀಸಿನ ಜಗಲಿಯಲ್ಲಿ ಮಾತ್ರ ಕೂರಬೇಡಿ; ತಲೆಸುತ್ತು ಬರುತ್ತದೆ ಎಂದರೆ ಕೆಲಸ ಹೋದೀತೆಂದು ಯಾರೂ ಬಾಯಿ ಬಿಡುವುದಿಲ್ಲ.

ಬಂದ ಕೂಡಲೇ ಕಾಫಿ ಕೊಡಬೇಡಿ. ಕೊಡಗಿನಲ್ಲಿ ಇದು ಮರ್ಯಾದೆಯಲ್ಲ, ಗೊತ್ತು. ಆದರೆ ಬಿಪಿ ನೋಡುವ ಮುಂಚಿನ 30 ನಿಮಿಷ ಕಾಫಿ, ಬೀಡಿ ಎರಡೂ ಆಗದು. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿಸಿ, 5 ನಿಮಿಷ ಮಾತಿಲ್ಲದೆ ಕೂರಿಸಿ. ತೋಳು ಎದೆಯ ಮಟ್ಟಕ್ಕಿರಲಿ. ಆಮೇಲೆ ಕಾಫಿ, ಬೆಲ್ಲ ಹಾಕದೆ. "ಬೆಲ್ಲಕ್ಕೇನೂ ಆಗಲ್ಲ ರೈಟ್ರೇ" ಎನ್ನುವವರು ಇದ್ದೇ ಇರುತ್ತಾರೆ. ಬೆಲ್ಲವೂ ರಕ್ತದ ಸಕ್ಕರೆ ಏರಿಸುತ್ತದೆ ಎಂದು ಒಮ್ಮೆ ಹೇಳಿ ಮುಂದೆ ಹೋಗಿ.

ಭಾಷಣ ಬೇಡ. ಪ್ರತಿಯೊಬ್ಬರೂ ಆ ವಾರ ಮಾಡುವ ಒಂದೇ ಒಂದು ಕೆಲಸ ಹೇಳಲಿ: ಏನು, ಎಷ್ಟು, ಯಾವಾಗ, ಎಷ್ಟು ದಿನ. "ಊಟ ಕಮ್ಮಿ ಮಾಡ್ತೇನೆ" ಎಂಬುದು ಲೆಕ್ಕಕ್ಕಿಲ್ಲ. "ರಾತ್ರಿ ನಾಲ್ಕು ಕಡಂಬುಟ್ಟು (ಅಕ್ಕಿ ಕಡುಬು) ತಿನ್ನುವಲ್ಲಿ ಎರಡು, ವಾರಕ್ಕೆ ನಾಲ್ಕು ದಿನ" ಎಂದರೆ ಬರೆದುಕೊಳ್ಳಿ. ಇದು ನಿಮ್ಮಿಂದಾಗುತ್ತದೆಂಬ ಧೈರ್ಯ ಹತ್ತಕ್ಕೆ ಎಷ್ಟು ಎಂದು ಕೇಳಿ. ಏಳಕ್ಕಿಂತ ಕಡಿಮೆಯಾದರೆ ಆ ಕೆಲಸವನ್ನೇ ಚಿಕ್ಕದು ಮಾಡಿ. ಮುಂದಿನ ವಾರ ಮೊದಲು ವಿಚಾರಿಸುವುದೂ ಅದನ್ನೇ. ಆಗಲಿಲ್ಲ ಎಂದವರಿಗೆ ಬುದ್ಧಿ ಹೇಳದೆ, ಉಳಿದವರಿಗೆ ದಾರಿ ಹೊಳೆಯುತ್ತದೆಯೇ ಕೇಳಿ. ರಾತ್ರಿಯ ಮಾತ್ರೆ ಮರೆಯುತ್ತಿದ್ದ ಅಕ್ಕನಿಗೆ, ಅದನ್ನು ಅಕ್ಕಿ ಅಳೆಯುವ ಪಾವಿನ ಪಕ್ಕ ಇಡಿ ಎಂದದ್ದು ಪಕ್ಕದ ಲೈನ್ ಮನೆಯ (ತೋಟದ ಕೆಲಸಗಾರರ ಸಾಲುಮನೆಯ) ಹೆಂಗಸು. ನನಗೆ ಅದು ಹೊಳೆಯುತ್ತಿರಲಿಲ್ಲ.

ಒಂದು ವಾರ ಪೂರ್ತಿ ಪಾದಕ್ಕೆ ಕೊಡಿ. ಶುಗರ್ ಹಳೆಯದಾದವರಲ್ಲಿ ಅನೇಕರಿಗೆ ಪಾದದ ನೋವು ತಿಳಿಯದು. ಜಿಗಣೆ ಕಚ್ಚಿದ್ದು, ಗಂಬೂಟಿನೊಳಗಿನ ಕಲ್ಲು ಒತ್ತಿದ್ದು ಗೊತ್ತಾಗದೆ ಹುಣ್ಣಾಗುತ್ತದೆ. ಬೂಟು ಕೊಡವಿ, ಒಳಗೆ ಕೈಯಾಡಿಸಿ ಹಾಕಿಕೊಳ್ಳಬೇಕು. ರಾತ್ರಿ ಕಾಲು ತೊಳೆದು ಬೆರಳ ಸಂದಿ ಒರೆಸಬೇಕು. ಅಂಗಾಲು ನೋಡಲು ಒಂದು ಕನ್ನಡಿ ತಂದಿಡಿ.

ಶುಗರ್ ಇಳಿದು ಬೆವರು, ನಡುಕ ಬಂದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ. 15 ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ.

ಮಾತ್ರೆಯ ಪ್ರಮಾಣ ಬದಲಿಸುವ ಮಾತು ಕೂಟದಲ್ಲಿ ಬೇಡವೇ ಬೇಡ. ಮಾತ್ರೆ ಬದಲಿಸಬೇಕು ಎನ್ನುವವರ ಹೆಸರು ಬರೆದು, ಆಶಾ ಕಾರ್ಯಕರ್ತೆಯ ಜೊತೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ. 30 ದಾಟಿದ ಮನೆಮಂದಿಯೂ ಜೊತೆಗೆ ಹೋಗಲಿ, ಅಲ್ಲಿ ಶುಗರ್, ಬಿಪಿ ತಪಾಸಣೆಗೆ ದುಡ್ಡು ಕೊಡಬೇಕಿಲ್ಲ.