ಕಂಪನಿ ಹೊಸ ವ್ಯವಹಾರಕ್ಕೆ ಕೈಹಾಕಿದಾಗ ಲೆಕ್ಕ ಓದುವುದು ಹೇಗೆ

ನಾನು ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುತ್ತಿದ್ದವನು. ಷೇರು ಕೊಳ್ಳುವಾಗಲೂ ಕೈಯಲ್ಲಿ ಪೆನ್ಸಿಲ್ ಇರಲೇಬೇಕು.

ನಮ್ಮ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ತಗೊಳ್ಳಿ. ಆಪ್ಟಿಕಲ್ ಫೈಬರ್ ಉಪಕರಣ ಅದರ ಹಳೆ ಕಸುಬು. 2022ರ ಮಾರ್ಚ್‌ನಲ್ಲಿ ಇದೇ ಊರಿನ, ವೈರ್‌ಲೆಸ್ ಚಿಪ್ ಮಾಡುವ ಸಾಂಖ್ಯ ಲ್ಯಾಬ್ಸ್‌ನ 64.4% ಪಾಲನ್ನು ಸುಮಾರು 284 ಕೋಟಿ ರೂಪಾಯಿಗೆ ಕೊಳ್ಳುವುದಾಗಿ ಹೇಳಿತು.

ಮೊದಲು, ಕೊಂಡದ್ದೇನು ಅಂತ ಬರೆದುಕೊಳ್ಳಿ. ಇಲ್ಲಿ ವೈರ್‌ಲೆಸ್ ಚಿಪ್ ಗೊತ್ತಿರುವ ಎಂಜಿನಿಯರುಗಳು. ಅವರು ಬಿಟ್ಟುಹೋದರೆ ಉಳಿಯೋದು ಕುರ್ಚಿ, ಮೇಜು ಅಷ್ಟೇ ಅಲ್ವಾ?

ಆಮೇಲೆ ಗಿರಾಕಿಗಳನ್ನು ಎಣಿಸಿ. ಇಲ್ಲಿ ಅವಸರ ಬೇಡ. 2023ರಲ್ಲಿ ಬಿಎಸ್‌ಎನ್‌ಎಲ್ 4ಜಿಗೆಂದು ಟಿಸಿಎಸ್‌ನಿಂದ ತೇಜಸ್‌ಗೆ 7,492 ಕೋಟಿಯ ಆರ್ಡರ್ ಬಂತು. ಒಂದು ಲಕ್ಷ ಮೊಬೈಲ್ ಟವರ್ ಜಾಗಗಳಿಗೆ ಉಪಕರಣ! 2024-25ರ ವರಮಾನ 8,900 ಕೋಟಿ ದಾಟಿತು. ಮುಂದಿನ ಏಪ್ರಿಲ್-ಜೂನ್‌ನಲ್ಲಿ? ಬರೀ 202 ಕೋಟಿ, ಮೇಲೆ 194 ಕೋಟಿ ನಷ್ಟ.

ಲಾಭದ ಸಾಲು ನೋಡಿ ಸುಮ್ನೆ ಹಿಗ್ಗಬೇಡಿ. ಗೋದಾಮಿನ ಸರಕು, ಬರಬೇಕಾದ ಬಾಕಿ, ಎರಡರ ಕೆಳಗೂ ಗೆರೆ ಎಳೆಯಿರಿ; ಲಾಭ ಅಂತ ಬರೆದ ದುಡ್ಡು ಅಲ್ಲೇ ಸಿಕ್ಕಿಕೊಂಡಿರಬಹುದು. ಒಬ್ಬನೇ ಗಿರಾಕಿಯನ್ನು ನಂಬಿದ್ದ ಗಾರ್ಮೆಂಟ್ಸ್ ಒಂದಕ್ಕೆ ನಾನೇ ಸಾಲ ಪಾಸು ಮಾಡಿದ್ದೆ. ಕೊನೆಗೆ ಅಲ್ಲಿ ಹೊಲಿಗೆ ಮೆಷಿನ್ ಎಣಿಸಿ, ಸೀಲು ಹಾಕಿ ಬಂದವನೂ ನಾನೇ.